ಗಾಜಿನ ತೊಟ್ಟಿಯೊಳಗೆ ಕಡಲಿನ ಅಲೆ

ಕಡಲಿನ ನೀರನ್ನು ಕೊಡದಲ್ಲಿ ತುಂಬಿ ಮನೆಗೆ ತರಬಹುದು. ಕಡಲಿನ ಅಲೆಯನ್ನು ತರುವುದು ಹೇಗೆ? ಹವಳವನ್ನು ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕಹೊರಟವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆಯನ್ನು ಎದುರಿಸಿದ್ದಾರೆ. ಲವಣಗಳನ್ನು ಅಳೆದು ಬೆರೆಸಿ ಸಮುದ್ರದ ನೀರನ್ನೇ ತಯಾರಿಸಬಹುದು. ಪ್ರಖರ ದೀಪಗಳಿಂದ ಉಷ್ಣವಲಯದ ಬಿಸಿಲನ್ನು ತಕ್ಕಮಟ್ಟಿಗೆ ಅನುಕರಿಸಬಹುದು. ಆದರೆ ಹಗಲಿರುಳೆನ್ನದೆ ಹೊಯ್ದಾಡುವ, ಒಮ್ಮೆ ಮುನ್ನುಗ್ಗಿ ಮರುಗಳಿಗೆ ಹಿಂದೆ ಸರಿಯುವ ಕಡಲಿನ ಚಲನೆಯನ್ನು ನಾಲ್ಕು ಗಾಜಿನ ಗೋಡೆಗಳ ನಡುವೆ ತರುವ ಪ್ರಯತ್ನ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ನಡೆದಿದೆ. ಶ್ರೀಮಂತರ ಹವ್ಯಾಸವೆಂದು ತೋರುವ ಈ ಪ್ರಯತ್ನದಿಂದ ದೊರೆತ ತಿಳಿವಳಿಕೆ, ಕಡಲಿನ ಹವಳಗಳೇ ಅಳಿಯುತ್ತಿರುವ ಈ ಕಾಲದಲ್ಲಿ ಬೇರೆಯದೇ ಬೆಲೆ ಪಡೆದುಕೊಂಡಿದೆ.

ಹವಳವೆಂದೊಡನೆ ನಮಗೆ ನೆನಪಾಗುವುದು ಉಂಗುರದಲ್ಲಿ ಕೂರಿಸುವ, ನವರತ್ನಗಳಲ್ಲಿ ಒಂದಾದ ಕೆಂಪು ಮಣಿ. ನಿಜಕ್ಕೂ ಅದು ಮಣ್ಣಿನಲ್ಲಿ ಸಿಗುವ ಹರಳಲ್ಲ, ಒಂದು ಜಾತಿಯ ಸಮುದ್ರಜೀವಿ ಕಟ್ಟಿಕೊಂಡ ಅಸ್ಥಿ. ಉಷ್ಣವಲಯದ ಕಡಲುಗಳಲ್ಲಿ ಮೈಲುಗಟ್ಟಲೆ ದಿಬ್ಬ ಕಟ್ಟುವ ಹವಳಗಳು ಅದರ ದೂರದ ಬಂಧುಗಳು. ಸುಣ್ಣದ ಗೂಡಿನಲ್ಲಿ ಕುಳಿತು, ಬಾಯಿಯ ಸುತ್ತ ಪುಟ್ಟ ಕರಬಳ್ಳಿಗಳನ್ನು ಚಾಚಿಕೊಂಡಿರುವ ಈ ಪ್ರಾಣಿಗೆ ಪಾಲಿಪ್ ಎಂದು ಹೆಸರು. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಗಳು ವಾಸವಾಗಿದ್ದು, ಬಿಸಿಲಿನಿಂದ ಆಹಾರ ತಯಾರಿಸಿ ಮನೆಯೊಡೆಯನಿಗೂ ಪಾಲು ಕೊಡುತ್ತವೆ.

ಹವಳಕ್ಕೆ ಕಾಲಿಲ್ಲ, ಈಜುರೆಕ್ಕೆಯೂ ಇಲ್ಲ. ಮರಿಯಾಗಿದ್ದಾಗ ಎಲ್ಲಿ ಅಂಟಿಕೊಂಡಿತೋ ಅಲ್ಲಿಯೇ ಅದರ ಬಾಳು. ಉಸಿರಾಡುವ ಆಮ್ಲಜನಕ, ತಿನ್ನುವ ಸೂಕ್ಷ್ಮಜೀವಿಗಳು, ಗೂಡು ಕಟ್ಟುವ ಸುಣ್ಣದ ಅಂಶ ಎಲ್ಲವನ್ನೂ ನೀರೇ ಹೊತ್ತು ತರಬೇಕು. ಮೈಮೇಲೆ ಕೂತ ಮರಳನ್ನೂ ತಾನೇ ಸುರಿಸಿದ ಲೋಳೆಯನ್ನೂ ನೀರೇ ತೊಳೆದು ಒಯ್ಯಬೇಕು. ನೀರು ನಿಂತರೆ ಹವಳದ ಬದುಕೂ ನಿಂತಂತೆ.

ಕಿಟಕಿಯ ಬಳಿ ಕೆಲಸದ ಹುಡುಗಿ

ಈ ಸತ್ಯ ಮೊದಲು ಹೊಳೆದವರಲ್ಲಿ ಒಬ್ಬರು ಇಂಗ್ಲೆಂಡಿನ ಅನ್ನಾ ಥಿನ್. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯ ಪಾದ್ರಿಯೊಬ್ಬರ ಪತ್ನಿಯಾದ ಆಕೆ 1846ರಲ್ಲಿ ಡೆವನ್ ಕರಾವಳಿಯ ಟಾರ್ಕಿಗೆ ಹೋಗಿದ್ದಾಗ ಅಲ್ಲಿನ ಬಂಡೆಗಳಲ್ಲಿ ಸಣ್ಣ ಬಟ್ಟಲಿನಾಕಾರದ ಹವಳಗಳನ್ನು ಕಂಡು ಮನಸೋತರು. ಇವು ದಿಬ್ಬ ಕಟ್ಟುವ ಜಾತಿಯವಲ್ಲ, ತಣ್ಣನೆಯ ಕಡಲಿನಲ್ಲಿ ಒಂಟಿಯಾಗಿ ಬದುಕುವಂಥವು. ಅವನ್ನು ಜೀವಂತವಾಗಿ ಲಂಡನ್ನಿಗೆ ಒಯ್ಯುವುದು ಆಕೆಯ ಆಸೆ. ಜಾಡಿಯ ತಳದಲ್ಲಿ ಒಂದರ ಮೇಲೊಂದು ಉರುಳಿದರೆ ಅವು ಸಾಯುತ್ತವೆ ಎಂದು, ದೊಡ್ಡದೊಂದು ಸ್ಪಂಜಿಗೆ ಸೂಜಿ ದಾರದಿಂದ ಹೊಲಿದು ಕೂರಿಸಿದರು. ಹೀಗೆ ಮಾಡಿದರೆ ಪ್ರತಿಯೊಂದರ ಸುತ್ತಲೂ ನೀರು ಆಡುತ್ತದೆ ಎಂಬುದು ಅವರ ಲೆಕ್ಕಾಚಾರ.

ಲಂಡನ್ನಿನಲ್ಲಿ ಇನ್ನೊಂದು ತೊಡಕು ಎದುರಾಯಿತು. ಪಾತ್ರೆಯ ನೀರು ಕೆಡುತ್ತಿತ್ತು. ದಿನವೂ ಕಡಲಿನಿಂದ ಹೊಸ ನೀರು ತರಿಸುವುದು ಸಾಧ್ಯವಿರಲಿಲ್ಲ. ಅದಕ್ಕೆ ಆಕೆ ಕಂಡುಕೊಂಡ ಪರಿಹಾರ ಸರಳವಾದದ್ದು. ಅದೇ ನೀರನ್ನು ತೆರೆದ ಕಿಟಕಿಯ ಮುಂದೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತಿ ಎತ್ತಿ ಸುರಿಯುವುದು. ನಮ್ಮ ಹೋಟೆಲುಗಳಲ್ಲಿ ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ದು ಆರಿಸುವಂತೆ. ಸುರಿಯುವಾಗ ನೀರು ಗಾಳಿಯೊಡನೆ ಬೆರೆತು ಆಮ್ಲಜನಕವನ್ನು ಹೀರಿಕೊಳ್ಳುತ್ತಿತ್ತು. ಅರ್ಧ ಮುಕ್ಕಾಲು ಗಂಟೆ ಹಿಡಿಯುತ್ತಿದ್ದ ಈ ಕೆಲಸ ಮನೆಗೆಲಸದ ಹುಡುಗಿಯ ಪಾಲಿಗೆ ಬಂತು. ನೀರಿಗೆ ಚಲನೆ ಕೊಟ್ಟು ಹವಳ ಸಾಕಿದ ಮೊದಲ 'ಪಂಪು' ಆ ಹುಡುಗಿಯ ತೋಳುಗಳೇ ಎಂದರೆ ತಪ್ಪಾಗಲಾರದು. 1847ರಲ್ಲಿ ಅನ್ನಾ ಥಿನ್ ಪಾತ್ರೆಗೆ ಕಡಲ ಪಾಚಿಯನ್ನೂ ಸೇರಿಸಿದರು. ಅವರ ಹವಳಗಳು ವರ್ಷಗಟ್ಟಲೆ ಬದುಕಿದ್ದಷ್ಟೇ ಅಲ್ಲ, ಮರಿಗಳನ್ನೂ ಹಾಕಿದವು. ಆ ವಿವರಗಳು 1859ರಲ್ಲಿ ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟವಾದವು.

ಅಷ್ಟರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಇನ್ನೊಂದು ದಾರಿ ತೋರಿಸಿದ್ದರು. ಮೀನು, ಬಸವನಹುಳು, ನೀರಿನ ಸಸ್ಯ ಮೂರನ್ನೂ ಸರಿಯಾದ ಪ್ರಮಾಣದಲ್ಲಿ ಇಟ್ಟರೆ ಒಂದು ಬಿಟ್ಟ ಉಸಿರು ಇನ್ನೊಂದಕ್ಕೆ ಒದಗಿ, ನೀರು ಬದಲಾಯಿಸದೆಯೇ ತೊಟ್ಟಿ ಸಮತೋಲದಲ್ಲಿರುತ್ತದೆ ಎಂಬುದು ಅವರ ಪ್ರಯೋಗದ ಸಾರ. 1853ರಲ್ಲಿ ಲಂಡನ್ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕದಿಂದ ಇಂಗ್ಲೆಂಡಿನ ಮನೆ ಮನೆಗಳಲ್ಲೂ ಗಾಜಿನ ತೊಟ್ಟಿಯ ಹುಚ್ಚು ಹಬ್ಬಿತು. ಸಮತೋಲದ ತತ್ವ ಸುಂದರವಾಗಿತ್ತು. ಆದರೆ ಅದನ್ನು ನಂಬಿದವರು ನೀರನ್ನು ನಿಲ್ಲಿಸಿಬಿಟ್ಟರು. ಕೆರೆಯ ಮೀನಿಗೆ ಅದು ಸಾಕಾಗಬಹುದು, ಅಲೆಯ ಹೊಡೆತಕ್ಕೆ ಒಗ್ಗಿದ ಜೀವಕ್ಕೆ ಸಾಲದು.

ಇದನ್ನು ಗುರುತಿಸಿದವರು ವಿಲಿಯಂ ಆಲ್ಫರ್ಡ್ ಲಾಯ್ಡ್. ಲಂಡನ್ನಿನಲ್ಲಿ ಅಕ್ವೇರಿಯಂ ಅಂಗಡಿ ಇಟ್ಟಿದ್ದ ಆತ, ನೀರು ಶುದ್ಧವಾಗಿರಬೇಕಾದರೆ ಸದಾ ಚಲಿಸುತ್ತಿರಬೇಕು ಎಂದು ಪಟ್ಟುಹಿಡಿದು ಸಾರಿದರು. 1864ರಲ್ಲಿ ಹ್ಯಾಂಬರ್ಗಿನಲ್ಲಿ, 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಅವರು ರೂಪಿಸಿದ ಮತ್ಸ್ಯಾಲಯಗಳು ಈ ತತ್ವದ ಮೇಲೆ ನಿಂತವು. ಪ್ರದರ್ಶನದ ತೊಟ್ಟಿಗಳಿಗಿಂತ ಹಲವು ಪಟ್ಟು ದೊಡ್ಡದಾದ ಕತ್ತಲೆಯ ನೆಲಮಾಳಿಗೆಯ ಹೊಂಡ, ಅಲ್ಲಿಂದ ಹಬೆಯಂತ್ರದ ಬಲದಿಂದ ಮೇಲೇರುವ ನೀರು, ತೊಟ್ಟಿಯಿಂದ ತೊಟ್ಟಿಗೆ ಹರಿದು ಮತ್ತೆ ಹೊಂಡಕ್ಕೆ ಇಳಿಯುವ ವ್ಯವಸ್ಥೆ. ಇಂದು ಮನೆಯ ಹವಳದ ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಇನ್ನೊಂದು ತೊಟ್ಟಿ ಇಟ್ಟು ನೀರು ತಿರುಗಿಸುವ ಪದ್ಧತಿಗೆ ಲಾಯ್ಡರ ನೆಲಮಾಳಿಗೆಯೇ ಪೂರ್ವಜ.

ಕಡಲ ದಂಡೆಯಿಂದ ಕೋಣೆಗೆ

ಉಷ್ಣವಲಯದ ಹವಳಗಳು ಮಾತ್ರ ಯುರೋಪಿನ ಕೈಗೆ ಬಹುಕಾಲ ಸಿಗಲಿಲ್ಲ. ಅವನ್ನು ದೀರ್ಘಕಾಲ ಸಾಕಿ ತೋರಿಸಿ ಹೆಸರು ಮಾಡಿದವರು ಪೆಸಿಫಿಕ್‌ನ ನ್ಯೂ ಕ್ಯಾಲಿಡೋನಿಯ ದ್ವೀಪದ ನೂಮಿಯದಲ್ಲಿ 1956ರಲ್ಲಿ ಮತ್ಸ್ಯಾಲಯ ತೆರೆದ ಫ್ರೆಂಚ್ ವಿಜ್ಞಾನಿ ರೆನೆ ಕತಾಲ. ಪಕ್ಕದ ಕಡಲಿನ ನೀರನ್ನೇ ಎಡೆಬಿಡದೆ ತೊಟ್ಟಿಗಳ ಮೂಲಕ ಹರಿಸಿ ಮತ್ತೆ ಕಡಲಿಗೇ ಬಿಡುವುದು ಅವರ ಕ್ರಮ. ನೇರಳಾತೀತ ಬೆಳಕಿನಲ್ಲಿ ಹವಳಗಳು ಬಣ್ಣಬಣ್ಣವಾಗಿ ಹೊಳೆಯುವ ಸೋಜಿಗವನ್ನು ಅಲ್ಲಿಂದಲೇ ಅವರು ಜಗತ್ತಿಗೆ ತೋರಿಸಿದರು. ಕಡಲ ದಂಡೆಯಲ್ಲಿ ಮನೆಯಿದ್ದವರಿಗೆ ಇದು ಸರಿ. ಇಲ್ಲದವರು ಏನು ಮಾಡಬೇಕು?

ಇಂಡೊನೇಷ್ಯದ ಜಕಾರ್ತದ ಹವ್ಯಾಸಿ ಲೀ ಚಿನ್ ಎಂಗ್ ಅದಕ್ಕೆ ಒಂದು ಉತ್ತರ ಕೊಟ್ಟರು. 1961ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಬರೆದ ಲೇಖನದಲ್ಲಿ ಅವರು ವಿವರಿಸಿದ ತೊಟ್ಟಿಯಲ್ಲಿ ಇದ್ದದ್ದು ಕಡಲಿನ ನೀರು, ಸೂಕ್ಷ್ಮಜೀವಿಗಳಿಂದ ತುಂಬಿದ ದಿಬ್ಬದ ಕಲ್ಲುಗಳು, ಬಿಸಿಲು, ಮತ್ತು ಸಣ್ಣ ಕೊಳವೆಯಿಂದ ಮೇಲೇಳುವ ಗಾಳಿಯ ಗುಳ್ಳೆಗಳು. ಗುಳ್ಳೆ ಮೇಲೇಳುವಾಗ ನೀರನ್ನೂ ತನ್ನೊಡನೆ ಎಳೆದೊಯ್ಯುತ್ತದೆ. ಆ ಜಾಗ ತುಂಬಲು ಬದಿಯ ನೀರು ಸರಿಯುತ್ತದೆ. ಆ ಮೆಲ್ಲನೆಯ ಸುತ್ತಾಟವಷ್ಟೇ ಅವರ 'ಅಲೆ'. ಮೃದು ಹವಳಗಳಿಗೆ, ಕಡಲ ಹೂಗಳಿಗೆ ಅದು ಒಗ್ಗಿತು. ಹೊಡೆತದ ನೀರಿನಲ್ಲಿ ಕೊಂಬೆಯೊಡೆದು ಬೆಳೆಯುವ ಕಲ್ಲುಹವಳಗಳಿಗೆ ಹೆಚ್ಚಿನದು ಬೇಕಿತ್ತು.

1970ರ ದಶಕದಲ್ಲಿ ಆಸಕ್ತಿ ಜರ್ಮನಿಯತ್ತ ಹೊರಳಿತು. ಪೀಟರ್ ವಿಲ್ಕೆನ್ಸ್ 1973ರಲ್ಲಿ ಬರೆದ ಪುಸ್ತಕ ಕಡಲಿನ ಅಕಶೇರುಕಗಳನ್ನು ಮನೆಯಲ್ಲಿ ಸಾಕುವವರಿಗೆ ದಾರಿದೀಪವಾಯಿತು. ಟುಂಟ್ಸೆ ಎಂಬ ಸಂಸ್ಥೆ ಒತ್ತಡ ಕಡಿಮೆಯಿದ್ದು ಹೆಚ್ಚು ನೀರನ್ನು ತಳ್ಳುವ ಪಂಪುಗಳನ್ನು ತಯಾರಿಸಿತು. ಬರ್ಲಿನ್ನಿನ ಹವ್ಯಾಸಿಗಳು ಜೀವಂತ ಕಲ್ಲು, ಪ್ರಖರ ಬೆಳಕು, ನೊರೆಯೊಡನೆ ಕೊಳೆ ತೆಗೆಯುವ ಸಾಧನ ಮತ್ತು ಬಲವಾದ ಹರಿವು ಇವನ್ನು ಒಟ್ಟುಗೂಡಿಸಿದರು. ಅವರಲ್ಲೊಬ್ಬರಾದ ಡೀಟ್ರಿಶ್ ಸ್ಟ್ಯೂಬರ್ ತಮ್ಮ ತೊಟ್ಟಿಯಲ್ಲಿ ಬೆಳೆದ ಕೊಂಬೆಹವಳದ ತುಂಡುಗಳನ್ನು ಮುರಿದು ಇತರರಿಗೆ ಹಂಚಿದರು. ದಾಸವಾಳದ ಟೊಂಗೆ ಮುರಿದು ನೆರೆಮನೆಗೆ ಕೊಟ್ಟಂತೆ ಒಂದೇ ಹವಳದ ಸಂತತಿ ದೇಶ ದೇಶಗಳ ತೊಟ್ಟಿಗಳಿಗೆ ಹರಡಿತು. ಅಲ್ಲಿಯವರೆಗೆ ಹವಳವೆಂದರೆ ಕಡಲಿನಿಂದ ಕಿತ್ತು ತಂದು, ಕೆಲವು ತಿಂಗಳು ನೋಡಿ, ಸತ್ತ ಮೇಲೆ ಮತ್ತೊಂದನ್ನು ಕೊಳ್ಳುವ ವಸ್ತುವಾಗಿತ್ತು. ಮನೆಯಲ್ಲೇ ಬೆಳೆಸಿ ಹಂಚಬಹುದು ಎಂಬುದು ದೊಡ್ಡ ಬದಲಾವಣೆ.

ವಸುದೇವನ ಬಟ್ಟಲು

ಹರಿವು ಬಂದರೂ ಅಲೆ ಬಂದಿರಲಿಲ್ಲ. ಪಂಪಿನ ನೀರು ಒಂದೇ ದಿಕ್ಕಿಗೆ ಚಿಮ್ಮುತ್ತದೆ. ಕಡಲಿನ ನೀರು ಹೋಗಿ ಬರುತ್ತದೆ. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ ಈ ವ್ಯತ್ಯಾಸಕ್ಕೆ ಒತ್ತುಕೊಟ್ಟರು. ಹವಳದ ದಿಬ್ಬಕ್ಕೆ ಬಿಸಿಲಿನಷ್ಟೇ ಅಲೆಯ ಶಕ್ತಿಯೂ ಮುಖ್ಯ ಎಂಬುದು ಅವರ ವಾದ. 1980ರಲ್ಲಿ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ತೆರೆದ ಹವಳದ ತೊಟ್ಟಿಗೆ ಅವರು ಅಲೆ ಎಬ್ಬಿಸುವ ಏರ್ಪಾಡನ್ನೂ ಜೋಡಿಸಿದ್ದರು. ಮೇಲಿಟ್ಟ ದೋಣಿಯಾಕಾರದ ಪಾತ್ರೆಗೆ ನೀರು ತುಂಬುತ್ತದೆ, ತೂಕ ಒಂದು ಬದಿಗೆ ವಾಲಿದೊಡನೆ ಪಾತ್ರೆ ಮಗುಚಿ ನೀರೆಲ್ಲ ಒಮ್ಮೆಲೇ ತೊಟ್ಟಿಗೆ ಬೀಳುತ್ತದೆ, ಖಾಲಿಯಾದ ಪಾತ್ರೆ ಮತ್ತೆ ನೆಟ್ಟಗಾಗುತ್ತದೆ. 1987ರಲ್ಲಿ ಆಸ್ಟ್ರೇಲಿಯದ ಟೌನ್ಸ್‌ವಿಲ್‌ನಲ್ಲಿ ತೆರೆದ 25 ಲಕ್ಷ ಲೀಟರಿನ ಹವಳದ ತೊಟ್ಟಿಗೂ ಅಲೆಯಂತ್ರ ಅಳವಡಿಸಲಾಗಿತ್ತು.

ಹವಾಯಿಯ ವೈಕಿಕಿ ಮತ್ಸ್ಯಾಲಯದ ಬ್ರೂಸ್ ಕಾರ್ಲ್‌ಸನ್ ಮಾಡಿದ ಉಪಾಯ ಇದಕ್ಕಿಂತಲೂ ಸರಳ. ಅದನ್ನು ಅರಿಯಲು ಕಾಶಿಯ ಕಡೆಯಿಂದ ಬರುವ ಹಿತ್ತಾಳೆಯ ವಸುದೇವನ ಬಟ್ಟಲನ್ನು ನೆನೆಸಿಕೊಂಡರೆ ಸಾಕು. ಬಟ್ಟಲಿನ ನಡುವೆ ಮಗು ಕೃಷ್ಣನನ್ನು ಹೊತ್ತ ವಸುದೇವನ ಬೊಂಬೆ. ನೀರು ಸುರಿಯುತ್ತ ಹೋದರೆ ಯಮುನೆ ಏರುತ್ತದೆ. ಕೃಷ್ಣನ ಪಾದ ಮುಟ್ಟಿದೊಡನೆ ನೀರೆಲ್ಲ ತಾನಾಗಿ ಇಳಿದುಹೋಗುತ್ತದೆ. ಬೊಂಬೆಯೊಳಗೆ ಅಡಗಿರುವ ಬಾಗಿದ ಕೊಳವೆ, ಅಂದರೆ ಸೈಫನ್, ಮಾಡುವ ಚಮತ್ಕಾರವಿದು. ಕಾರ್ಲ್‌ಸನ್ನರ ಸಾಧನವೂ ಇದೇ ತತ್ವದ್ದು. ತೊಟ್ಟಿಯ ಮೇಲೊಂದು ಪೀಪಾಯಿ, ಅದಕ್ಕೆ ಸಣ್ಣ ಪಂಪಿನಿಂದ ನೀರು, ಒಳಗೊಂದು ಬಾಗಿದ ದಪ್ಪ ಕೊಳವೆ. ನೀರು ಕೊಳವೆಯ ಬಾಗನ್ನು ದಾಟಿದೊಡನೆ ಪೀಪಾಯಿಯ ನೀರೆಲ್ಲ ಭೋರೆಂದು ತೊಟ್ಟಿಗೆ ನುಗ್ಗುತ್ತದೆ. ಗಾಳಿ ಹೊಕ್ಕಾಗ ನಿಲ್ಲುತ್ತದೆ, ಮತ್ತೆ ತುಂಬತೊಡಗುತ್ತದೆ. ಪೀಪಾಯಿಯಲ್ಲಿ ಚಲಿಸುವ ಬಿಡಿಭಾಗವೇ ಇಲ್ಲ. ಆದ್ದರಿಂದ ಸವೆಯುವ, ತುಕ್ಕು ಹಿಡಿಯುವ ಭಯವೂ ಕಡಿಮೆ. 1990ರ ದಶಕದಲ್ಲಿ ಅನೇಕ ಹವ್ಯಾಸಿಗಳು ಹೀಗೆ ಮನೆಯಲ್ಲೇ ಅಲೆ ಎಬ್ಬಿಸಿದರು. ಗದ್ದಲ, ಸಿಡಿಯುವ ಉಪ್ಪುನೀರು ಮನೆಮಂದಿಯ ಸಹನೆಯನ್ನು ಪರೀಕ್ಷಿಸಿದ್ದೂ ಉಂಟು.

ಫ್ಯಾನಿನ ರೆಕ್ಕೆಯ ಧೂಳು

ನೀರು ತೊಟ್ಟಿಯಲ್ಲಿ ಚಲಿಸಿದರೆ ಸಾಲದೆ, ಅಷ್ಟು ಬಲವಾಗಿಯೇ ಏಕೆ ಚಲಿಸಬೇಕು? ಉತ್ತರ ಮನೆಯ ಸೀಲಿಂಗ್ ಫ್ಯಾನಿನ ಮೇಲಿದೆ. ದಿನವಿಡೀ ಗಿರಗಿರನೆ ತಿರುಗುವ ಫ್ಯಾನಿನ ರೆಕ್ಕೆಯ ಮೇಲೆ ಧೂಳು ಕೂತಿರುತ್ತದೆ. ಗಾಳಿ ಅದನ್ನು ಹಾರಿಸುವುದಿಲ್ಲ. ಕಾರಣ, ಯಾವುದೇ ವಸ್ತುವಿನ ಮೈಗೆ ಅಂಟಿದಂತಿರುವ ಗಾಳಿಯ ಅಥವಾ ನೀರಿನ ತೆಳುಪದರ ಬಹುತೇಕ ಚಲಿಸದೆ ನಿಂತಿರುತ್ತದೆ. ಜರ್ಮನಿಯ ಲುಡ್ವಿಗ್ ಪ್ರಾಂಟಲ್ 1904ರಲ್ಲಿ ವಿವರಿಸಿದ ಈ 'ಗಡಿಪದರ' ವಿಮಾನದ ರೆಕ್ಕೆಗೆ ಹೇಗೋ ಹವಳದ ಮೈಗೂ ಹಾಗೆಯೇ ಅನ್ವಯಿಸುತ್ತದೆ.

ಹವಳದ ಮೈಮೇಲಿನ ಈ ಪದರದ ದಪ್ಪ ಬಹುತೇಕ ಒಂದು ಮಿಲಿಮೀಟರಿನ ಆಸುಪಾಸು, ಇಲ್ಲವೇ ಅದಕ್ಕಿಂತ ಕಡಿಮೆ. ಆದರೆ ಅದನ್ನು ದಾಟುವಾಗ ಆಮ್ಲಜನಕವಾಗಲಿ ಆಹಾರದ ಅಂಶವಾಗಲಿ ಹರಿದು ಬರುವುದಿಲ್ಲ, ನಿಂತ ನೀರಿಗೆ ಬಿದ್ದ ಶಾಯಿಯ ಹನಿಯಂತೆ ಮೆಲ್ಲಗೆ ಪಸರಿಸಿ ಬರಬೇಕು. ಹಗಲಿನಲ್ಲಿ ಹವಳದೊಳಗಿನ ಪಾಚಿಗಳು ಆಮ್ಲಜನಕವನ್ನು ಅತಿಯಾಗಿ ಉತ್ಪಾದಿಸುತ್ತವೆ. ಪದರ ದಪ್ಪವಾಗಿದ್ದರೆ ಅದು ಹೊರಹೋಗಲಾರದೆ ಅಂಗಾಂಶವನ್ನೇ ಕಾಡುತ್ತದೆ. ರಾತ್ರಿಯಲ್ಲಿ ಇದಕ್ಕೆ ತಿರುವುಮುರುವು. ಹವಳವೂ ಪಾಚಿಯೂ ಉಸಿರಾಡುವುದರಿಂದ ಮೈಸುತ್ತ ಆಮ್ಲಜನಕದ ಬರ. ಹೊರಗಿನ ನೀರು ಬಲವಾಗಿ ಹೊಯ್ದಾಡಿದಷ್ಟೂ ಪದರ ತೆಳುವಾಗುತ್ತದೆ, ಕೊಡುಕೊಳ್ಳುವಿಕೆ ಸುಗಮವಾಗುತ್ತದೆ. ಹವಳ ತಾನೂ ಸುಮ್ಮನಿರುವುದಿಲ್ಲ. ಅದರ ಮೈಮೇಲಿನ ಸೂಕ್ಷ್ಮ ರೋಮಗಳು ಬಡಿದು ಪುಟ್ಟ ಸುಳಿಗಳನ್ನೆಬ್ಬಿಸಿ ಈ ಪದರವನ್ನು ಕಲಕುತ್ತವೆ ಎಂಬುದನ್ನು 2014ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು.

ಹಾಗೆಂದು ಬಿರುಸು ಹೆಚ್ಚಿದಷ್ಟೂ ಒಳ್ಳೆಯದೆಂದಲ್ಲ. ಕಿರಿದಾದ ಬಾಯಿಯ ಪಂಪಿನಿಂದ ಚಿಮ್ಮುವ ಧಾರೆ ನೇರವಾಗಿ ತಾಗಿದರೆ ಹವಳದ ಅಂಗಾಂಶ ಸುಲಿದು ಬಿಳಿಯ ಅಸ್ಥಿ ಕಾಣಿಸುತ್ತದೆ. ಅದೇ ತೊಟ್ಟಿಯ ಮೂಲೆಯಲ್ಲಿ ನೀರು ಅಲುಗದೆ ಕೊಳೆ ಶೇಖರವಾಗಿರುತ್ತದೆ. 2000ರ ದಶಕದ ಆರಂಭದಲ್ಲಿ ಬಂದ ಪ್ರೊಪೆಲರ್ ಪಂಪುಗಳು ಈ ತೊಡಕನ್ನು ಬಹುಮಟ್ಟಿಗೆ ನಿವಾರಿಸಿದವು. ಬಾವಿಯಿಂದ ನೀರೆತ್ತುವ ಮೋಟಾರಿಗೂ ಕೋಣೆಯ ಫ್ಯಾನಿಗೂ ಇರುವ ವ್ಯತ್ಯಾಸವೇ ಇಲ್ಲಿಯದೂ. ಮೊದಲನೆಯದು ಸ್ವಲ್ಪ ನೀರನ್ನು ಒತ್ತಡದಿಂದ ಮೇಲೆತ್ತುತ್ತದೆ, ಎರಡನೆಯದು ಒತ್ತಡವಿಲ್ಲದೆ ಅಗಲವಾಗಿ ಬಹಳಷ್ಟನ್ನು ಸರಿಸುತ್ತದೆ, ವಿದ್ಯುತ್ತನ್ನೂ ಕಡಿಮೆ ಬೇಡುತ್ತದೆ. ಮೋಟಾರನ್ನು ಗಾಜಿನ ಹೊರಗಿಟ್ಟು, ಅಯಸ್ಕಾಂತದ ಬಲದಿಂದ ಒಳಗಿನ ಪ್ರೊಪೆಲರನ್ನು ತಿರುಗಿಸುವ ಮಾದರಿಗಳೂ ಆ ದಶಕದಲ್ಲೇ ಬಂದವು.

ಮೃದು ಹವಳಗಳಿರುವ ತೊಟ್ಟಿಯಲ್ಲಿ ಗಂಟೆಗೆ ತೊಟ್ಟಿಯ ಹತ್ತಿಪ್ಪತ್ತು ಪಟ್ಟು, ಕೊಂಬೆಹವಳಗಳಿಗೆ ಮೂವತ್ತು ನಲವತ್ತು ಪಟ್ಟು ನೀರು ಸರಿಯಬೇಕೆಂಬುದು ಹವ್ಯಾಸಿಗಳಲ್ಲಿ ರೂಢಿಯಾದ ಲೆಕ್ಕ. 200 ಲೀಟರಿನ ತೊಟ್ಟಿಗೆ 20 ಪಟ್ಟು ಎಂದರೆ 4000 ಲೀಟರು. ಆದರೆ ಈ ಅಂಕಿಗಿಂತ ಮುಖ್ಯವಾದದ್ದು ನೀರು ಹೇಗೆ ಸರಿಯುತ್ತದೆ ಎಂಬುದು. ಎದುರುಬದುರು ಇಟ್ಟ ಎರಡು ಪಂಪುಗಳು ಸರದಿಯ ಮೇಲೆ ಹೆಚ್ಚು ಕಡಿಮೆಯಾಗುತ್ತ ಓಡಿದರೆ ಧಾರೆಗಳು ನಡುವೆ ಸಂಧಿಸಿ ಒಡೆದು ಸುಳಿಯಾಗುತ್ತವೆ. ಪಾಲಿಪ್‌ಗಳು ಒಂದೇ ಕಡೆಗೆ ಬಾಗಿ ನಿಲ್ಲದೆ ಅತ್ತಿತ್ತ ತೂಗಬೇಕು, ಕಲ್ಲಿನ ಸಂದುಗಳಲ್ಲಿ ಕೊಳೆ ನಿಲ್ಲಬಾರದು, ನೀರಿನ ಮೇಲ್ಮೈ ಸದಾ ಕದಡುತ್ತಿರಬೇಕು. ಅನುಭವಿಗಳು ನೋಡುವುದು ಈ ಮೂರನ್ನು. ವಿದ್ಯುತ್ ಕೈಕೊಟ್ಟರೆ ಮೊದಲು ಕಾಡುವುದು ದೀಪದ ಅಭಾವವಲ್ಲ, ನೀರು ನಿಲ್ಲುವುದು. ಕೆಲವೇ ಗಂಟೆಗಳಲ್ಲಿ ಆಮ್ಲಜನಕ ತೀರಿ ವರ್ಷಗಳ ಶ್ರಮ ಮಣ್ಣುಪಾಲಾಗಬಹುದು. ಹಾಗಾಗಿಯೇ ಬ್ಯಾಟರಿಯ ಗಾಳಿಪಂಪು ಪಕ್ಕದಲ್ಲೇ ಇರುತ್ತದೆ.

ತೊಟ್ಟಿಯ ಪಾಠ, ಕಡಲಿಗೆ

1998ರಲ್ಲಿ ಕಡಲಿನ ನೀರು ಕಾದು ಪ್ರಪಂಚದ ಅನೇಕ ಕಡೆ ಹವಳಗಳು ಬಿಳಿಚಿಕೊಂಡವು. ಬಿಸಿ ತಾಳದೆ ಪಾಚಿಗಳನ್ನು ಹೊರಹಾಕಿದ ಹವಳ ಬಣ್ಣ ಕಳೆದುಕೊಂಡು, ಬೇಗ ಚೇತರಿಸದಿದ್ದರೆ ಸಾಯುತ್ತದೆ. ನಮ್ಮ ಲಕ್ಷದ್ವೀಪದ ಹವಳಗಳಿಗೂ ಆ ವರ್ಷ ಭಾರಿ ಪೆಟ್ಟು ಬಿತ್ತು. ಜಪಾನಿನ ಒಕಿನಾವದಲ್ಲಿ ನಕಮುರ ಮತ್ತು ವಾನ್ ವೂಸಿಕ್ ಎಂಬ ವಿಜ್ಞಾನಿಗಳು ಒಂದು ಸಂಗತಿಯನ್ನು ಗಮನಿಸಿದರು. ನೀರು ಜೋರಾಗಿ ಹರಿಯುವಲ್ಲಿ ಹವಳಗಳು ಹೆಚ್ಚು ಉಳಿದುಕೊಂಡಿದ್ದವು. ಅವರು ತೊಟ್ಟಿಯಲ್ಲಿ ಪ್ರಯೋಗ ಮಾಡಿದಾಗ, ಸೆಕೆಂಡಿಗೆ 2-3 ಸೆಂಟಿಮೀಟರು ಚಲಿಸುವ ಬಿಸಿನೀರಿನಲ್ಲಿ ಹವಳಗಳು ಬಿಳಿಚಿ ಸತ್ತವು. ಅಷ್ಟೇ ಬಿಸಿಯಾದರೂ 50-70 ಸೆಂಟಿಮೀಟರು ವೇಗದ ನೀರಿನಲ್ಲಿದ್ದವು ತಾಳಿಕೊಂಡವು. 2001ರಲ್ಲಿ ಪ್ರಕಟವಾದ ಈ ಫಲಿತಾಂಶ, ಹವ್ಯಾಸಿಗಳು ಕಣ್ಣಂದಾಜಿನಿಂದ ಅರಿತಿದ್ದನ್ನು ಅಳತೆಗೆ ತಂದಿತು. ಹರಿವು ಕಾದ ಕಡಲನ್ನು ತಣಿಸಲಾರದು. ಆದರೆ ಯಾವ ದಿಬ್ಬಗಳು ಉಳಿಯಬಹುದು, ಎಲ್ಲಿ ಹವಳದ ಸಸಿ ನೆಡಬೇಕು ಎಂಬುದನ್ನು ನಿರ್ಧರಿಸುವಾಗ ಅದು ಲೆಕ್ಕಕ್ಕೆ ಬರುತ್ತದೆ.

ತೊಟ್ಟಿಯ ವಿದ್ಯೆ ಆಮೇಲೆ ನೇರವಾಗಿಯೇ ಹವಳಗಳ ನೆರವಿಗೆ ಬಂತು. ಲಂಡನ್ನಿನ ಹಾರ್ನಿಮನ್ ವಸ್ತುಸಂಗ್ರಹಾಲಯದ ಮತ್ಸ್ಯಾಲಯದಲ್ಲಿ ಬೆಳಕು, ತಾಪ, ಚಂದ್ರನ ಕಲೆಗಳನ್ನೂ ಅನುಕರಿಸಿ ಹವಳಗಳು ಮೊಟ್ಟೆಯಿಡುವಂತೆ ಮಾಡಲಾಯಿತು. ಅವರ ನೆರವಿನೊಡನೆ 2019ರಲ್ಲಿ ಫ್ಲಾರಿಡದ ಮತ್ಸ್ಯಾಲಯದಲ್ಲಿ, ಅಲ್ಲಿನ ಕಡಲಿನಲ್ಲಿ ಬಹುತೇಕ ಕಣ್ಮರೆಯಾಗಿದ್ದ ಕಂಬಹವಳ ಮೊಟ್ಟೆಯಿಟ್ಟಿತು. 2023ರ ಬೇಸಿಗೆಯಲ್ಲಿ ಫ್ಲಾರಿಡದ ಕಡಲು ವಿಪರೀತ ಕಾದಾಗ, ಪುನಶ್ಚೇತನಕ್ಕೆಂದು ನೀರಿನಡಿ ಬೆಳೆಸುತ್ತಿದ್ದ ಸಾವಿರಾರು ಹವಳಗಳನ್ನು ದಡದ ತೊಟ್ಟಿಗಳಿಗೆ ಸಾಗಿಸಲಾಯಿತು. ಪ್ರವಾಹದಲ್ಲಿ ಊರವರನ್ನು ಗಂಜಿಕೇಂದ್ರಕ್ಕೆ ಕರೆತಂದಂತೆ. ಕಡಲನ್ನು ಬಿಟ್ಟು ಬಂದ ಅವುಗಳಿಗೆ ತೊಟ್ಟಿಯಲ್ಲಿ ಅಲೆಯ ಕೆಲಸ ಮಾಡಿದ್ದು ಪಂಪುಗಳು.

ಭಾರತದಲ್ಲಿ ಹವಳಗಳಿಗೆ ಕಾನೂನಿನ ಕಾವಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಿತ ಜೀವಿಗಳ ಪಟ್ಟಿಗೆ 2001ರಲ್ಲಿ ದಿಬ್ಬ ಕಟ್ಟುವ ಹವಳಗಳು ಸೇರಿದವು. ಅಂಡಮಾನ್, ಲಕ್ಷದ್ವೀಪ, ಮನ್ನಾರ್ ಮತ್ತು ಕಚ್ಛ್ ಕೊಲ್ಲಿಗಳಲ್ಲಾಗಲಿ, ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲಾಗಲಿ ಅವನ್ನು ಕಿತ್ತು ತರುವುದು ಅಪರಾಧ. ನೇತ್ರಾಣಿಯ ಹವಳವನ್ನು ನೋಡಬೇಕಾದದ್ದು ಅದಿರುವಲ್ಲಿಯೇ, ಅರಬ್ಬೀ ಕಡಲಿನ ಸೆಳೆತದಲ್ಲಿ.

ಅನ್ನಾ ಥಿನ್ ಅವರ ಹೆಸರು ಇಂದು ಮತ್ಸ್ಯಾಲಯಗಳ ಚರಿತ್ರೆಯಲ್ಲಿ ಸೇರಿದೆ. ಕಿಟಕಿಯ ಬಳಿ ನಿಂತು ದಿನವೂ ಅರ್ಧ ಮುಕ್ಕಾಲು ಗಂಟೆ ನೀರು ಸುರಿದ ಹುಡುಗಿಯ ಹೆಸರು ಆ ಬರಹದಲ್ಲಿಲ್ಲ. ಆಕೆ ಕೈಯಿಂದ ಮಾಡಿದ ಕೆಲಸವನ್ನೇ ಇಂದು ಯಂತ್ರಗಳು ಮಾಡುತ್ತಿವೆ.